ಎರೆ, ಮಸಾರಿ, ಗರಸು

ಮೌಂಟೇನ್ ಬೈಕ್ ಓಡಿಸಲು ಬೆಟ್ಟವೇ ಬೇಕು ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಬೇಕಾದದ್ದು ಡಾಂಬರು ಕಾಣದ ನೆಲ. ಹಾವೇರಿ ಜಿಲ್ಲೆಯ ಸವಣೂರಿನಿಂದ ಪಶ್ಚಿಮಕ್ಕೆ ಶಿಗ್ಗಾವಿ ಸೀಮೆ ದಾಟಿ ಹಾನಗಲ್ಲಿಗೆ, ಅಲ್ಲಿಂದ ದಕ್ಷಿಣಕ್ಕೆ ಹಿರೇಕೆರೂರಿಗೆ ಹೊರಟರೆ ಅಂಥ ನೆಲ ಬೇಕಾದಷ್ಟಿದೆ. ಮೊದಲು ಎರೆ, ಆಮೇಲೆ ಮಸಾರಿ, ಗದ್ದೆಯ ಕೆಸರು, ಕೊನೆಗೆ ಗುಡ್ಡದ ಗರಸು. ಹಲವು ವರ್ಷ ಈ ಆಟ ಬಿಟ್ಟಿದ್ದ ನಾನು ಮತ್ತೆ ಶುರು ಮಾಡಲು ಈ ದಾರಿಯನ್ನು ಆರಿಸಿಕೊಂಡದ್ದು ಅದಕ್ಕೇ.

ಬಿಟ್ಟದ್ದಕ್ಕೆ ದೊಡ್ಡ ಕಾರಣವೇನಿಲ್ಲ. ನೌಕರಿ, ಮನೆ, ಮಕ್ಕಳ ಓದು. 1996ರಲ್ಲಿ ಅಟ್ಲಾಂಟಾದಲ್ಲಿ ಒಲಿಂಪಿಕ್ಸ್ ಸೇರಿದ ಈ ಆಟ 2021ರ ಫೆಬ್ರುವರಿಯಲ್ಲಿ ನಮ್ಮ ಗದಗದ ಬಿಂಕದಕಟ್ಟಿ ಗುಡ್ಡಕ್ಕೇ ಬಂತು. ಮೌಂಟೇನ್ ಬೈಕಿನ ರಾಷ್ಟ್ರೀಯ ಚಾಂಪಿಯನ್‌ಶಿಪ್ ಅಲ್ಲಿ ನಡೆದ ಸುದ್ದಿಯನ್ನು ಪೇಪರಿನಲ್ಲಿ ಓದಿದಾಗಿನಿಂದ ಕಾಲು ತುಡಿಯತೊಡಗಿತ್ತು. ಸೈಕಲ್ ಕೊಳ್ಳಲು ಹೋದರೆ ನಾನು ಕಂಡಿದ್ದ 26 ಇಂಚಿನ ಗಾಲಿಯೇ ಅಂಗಡಿಯಲ್ಲಿ ಇಲ್ಲ. ಎಲ್ಲ 29 ಇಂಚು. ಮುಂದಿನ ಮೂರು ಹಲ್ಲುಚಕ್ರ ಹೋಗಿ ಒಂದಾಗಿದೆ, ಹಿಂದೆ ಹನ್ನೆರಡಾಗಿವೆ. ಟಯರಿನೊಳಗೆ ಟ್ಯೂಬಿಲ್ಲ, ತೂತು ಮುಚ್ಚುವ ಅಂಟು ದ್ರವ ಇದೆ. ಜಾಲಿಮುಳ್ಳಿನ ನಾಡಿನಲ್ಲಿ ಇದಕ್ಕಿಂತ ಒಳ್ಳೆಯ ಸುಧಾರಣೆ ಬೇರೊಂದಿಲ್ಲ.

ಸವಣೂರಿನಲ್ಲಿ ಮೊದಲು ದೊಡ್ಡಹುಣಸೆ ಮರಗಳನ್ನು ನೋಡಿದೆ. ಆಫ್ರಿಕಾ ಮೂಲದ ಮರಗಳು ಇವು. ಕಲ್ಮಠದ ಆವರಣದಲ್ಲಿ ಯಾವ ಕಾಲದಿಂದಲೋ ಮೂರು ನಿಂತಿದ್ದವು. 2023ರ ಮಳೆಗಾಲದಲ್ಲಿ ಒಂದು ಬುಡಸಮೇತ ಉರುಳಿತು. ಕಡಿದು ಸೌದೆ ಮಾಡದೆ ಯಂತ್ರ ತರಿಸಿ ಮತ್ತೆ ನೆಟ್ಟರು. ಊರೊಂದು ಮರಕ್ಕಾಗಿ ಇಷ್ಟು ಮಾಡಿದ್ದು ನನಗೆ ದೊಡ್ಡ ಸಂಗತಿ.

ಊರು ದಾಟಿ ಬಂಡಿದಾರಿಗೆ ಇಳಿದೆ. ಹಿಂದಿನ ರಾತ್ರಿ ಅಕಾಲದ ಮಳೆ ಬಿದ್ದಿತ್ತು. ಎರಡೂ ಕಡೆ ಒಡೆದ ಹತ್ತಿ ತೊಯ್ದು ಜೋತುಬಿದ್ದಿತ್ತು. ಎರೆ ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕೈ ಹೋಗುವಷ್ಟು ಬಿರಿಯುತ್ತದೆ. ಹಸಿಯಾಗಿದ್ದಾಗ ಟಯರಿಗೆ ಒಂದು ಪದರ ಹತ್ತುತ್ತದೆ, ಅದರ ಮೇಲೆ ಇನ್ನೊಂದು. ಮಧ್ಯೆ ಹತ್ತಿಕಡ್ಡಿ, ಒಣಹುಲ್ಲು ಸೇರಿ ಮಣ್ಣಿಗೆ ನಾರು ಸಿಕ್ಕಂತಾಗುತ್ತದೆ. ಗಾಲಿ ದಪ್ಪವಾಗುತ್ತಾ ಬಂದು ಫೋರ್ಕಿನ ಸಂದಿಯಲ್ಲಿ ಸಿಕ್ಕಿಕೊಂಡಿತು. ಆಮೇಲೆ ತುಳಿಯುವುದಿರಲಿ, ತಳ್ಳಲೂ ಆಗಲಿಲ್ಲ. ಹೆಗಲ ಮೇಲೆ ಹೊತ್ತರೆ ಚಪ್ಪಡಿಯಂಥ ಮಣ್ಣು ಬೆನ್ನಿಗೇ ಒರಗಿತು.

ಒಡ್ಡಿನ ಮೇಲೆ ಕೂತಿದ್ದ ಹಿರಿಯರೊಬ್ಬರು ಎದ್ದು ಬಂದರು. ಕೈಯಲ್ಲಿದ್ದ ಕುರ್ಪಿಯಿಂದ ಫೋರ್ಕಿನ ಒಳಗಿನ ಮಣ್ಣನ್ನು ಹೆರೆಹೆರೆದು ತೆಗೆದರು. "ಹಸೀ ಎರ್ಯಾಗ ನಾವು ಎತ್ತೂ ಇಳಸಂಗಿಲ್ರಿ. ಹದ ಬರೋತನಾ ಕಾಯಬೇಕು."

"ಎಷ್ಟೊತ್ತಾಗ್ತದ್ರಿ ಯಜಮಾನ್ರ?"

"ಬಿಸಲು ಕೂಡಬೇಕ್ರಿ. ನೀವು ಒಡ್ಡು ಹಿಡದು ಹೋಗ್ರಿ, ಹುಲ್ಲೈತಿ."

ಹುಲ್ಲಿನ ಒಡ್ಡು ಗೇಣಗಲ. ಅದರ ಮೇಲೆ ಹತ್ತಿದಾಗಲೇ ತಿಳಿದದ್ದು: ತೂಕ ಹಂಚುವುದು, ಮೊಣಕೈ ಸಡಿಲ ಬಿಡುವುದು, ಬ್ರೇಕಿಗೆ ಒಂದೇ ಬೆರಳು ಇಡುವುದು, ಇವನ್ನೆಲ್ಲ ಮೈ ಒಂದಿಷ್ಟೂ ಮರೆತಿಲ್ಲ. ಮರೆತದ್ದು ಕಣ್ಣು. ಅದು ಮುಂದಿನ ಗಾಲಿಯ ಬುಡದಲ್ಲೇ ನಿಲ್ಲುತ್ತಿತ್ತು. ಈ ಆಟದಲ್ಲಿ ನೋಟ ನಾಲ್ಕು ಮಾರು ಮುಂದಿರಬೇಕು, ಗಾಲಿ ನೋಟದ ಹಿಂದೆ ಬರುತ್ತದೆ. ಅದನ್ನು ಮತ್ತೆ ರೂಢಿಸಿಕೊಳ್ಳುವಷ್ಟರಲ್ಲಿ ಕಪ್ಪು ನೆಲ ಮುಗಿದು ಮಸಾರಿ ಶುರುವಾಗಿತ್ತು.

ಶಿಗ್ಗಾವಿ ತಾಲ್ಲೂಕಿನ ಬಂಕಾಪುರ ಕೋಟೆಯೊಳಗೆ ಸೈಕಲ್ ತಳ್ಳಿಕೊಂಡೇ ನಡೆದೆ. ಇದು ನವಿಲುಗಳ ರಕ್ಷಿತ ತಾಣ, 2006ರಲ್ಲಿ ಘೋಷಣೆಯಾದದ್ದು. ಇಲ್ಲೇ ಖಿಲಾರಿ ದನಗಳ ತಳಿ ಕೇಂದ್ರವೂ ಇದೆ. ದನಗಳಿಗಾಗಿ ಬಿಟ್ಟ ಹುಲ್ಲು ನವಿಲಿಗೂ ಆಸರೆ. ರಾಷ್ಟ್ರಕೂಟರ ದಂಡನಾಯಕ ಬಂಕೇಶನ ಹೆಸರಿನ ಊರು ಇದು. ನಗರೇಶ್ವರ ಗುಡಿಯ ಕಂಬಗಳ ಕಡೆತದ ನುಣುಪು ಇನ್ನೂ ಮಾಸಿಲ್ಲ. ಹತ್ತಿರದ ಬಾಡ ಕನಕದಾಸರು ಹುಟ್ಟಿದ ಊರು. ಹೆಸರಾದ ಜಾಗಗಳು ಇವು, ಓದುಗರಿಗೆ ಗೊತ್ತಿರುವವೇ. ಅವುಗಳ ನಡುವಿನ ಹೊಲದ ದಾರಿಗಳನ್ನು ಮಾತ್ರ ಯಾರೂ ನೋಡಲು ಬರುವುದಿಲ್ಲ. ಮಸಾರಿ ಮಣ್ಣು ಮಳೆ ನಿಂತ ಕೆಲವೇ ಗಂಟೆಗಳಲ್ಲಿ ಗಟ್ಟಿಯಾಗಿ ಟಯರಿನ ಹಲ್ಲನ್ನು ಕಚ್ಚಿ ಹಿಡಿಯುತ್ತದೆ. ತಿರುವಿನಲ್ಲಿ ಸೈಕಲನ್ನು ಎಷ್ಟು ವಾಲಿಸಿದರೂ ಜಾರುವುದಿಲ್ಲ. ಸ್ಪರ್ಧೆಗೆಂದು ದುಡ್ಡು ಸುರಿದು ಮಾಡುವ ಟ್ರ್ಯಾಕಿನಲ್ಲಿ ಇಂಥ ಹಿಡಿತಕ್ಕಾಗಿ ಒದ್ದಾಡುತ್ತಾರೆ.

ಹಾನಗಲ್ಲ ಹತ್ತಿರವಾದಂತೆ ಗಾಳಿ ತಂಪಾಯಿತು, ಗೋವಿನಜೋಳದ ನಡುನಡುವೆ ಭತ್ತದ ಗದ್ದೆ ಬಂದವು. ತಾರಕೇಶ್ವರ ಗುಡಿಯ ಮಂಟಪದಲ್ಲಿ ಹೆಲ್ಮೆಟ್ ಕಳಚಿಟ್ಟು ಅಂಗಾತ ಮಲಗಿ ಮೇಲಿನ ಕಲ್ಲಿನ ಕಮಲವನ್ನು ನೋಡಿದೆ. ಅಷ್ಟು ಭಾರದ ಕಲ್ಲು ಉಂಗುರ ಉಂಗುರವಾಗಿ ಕಿರಿದಾಗುತ್ತಾ ಕೆಳಗೆ ಇಳಿಬಿದ್ದಿದೆ. ಕತ್ತು ನೋಯದೆ ಅದನ್ನು ನೋಡಲು ಮಲಗುವುದೊಂದೇ ಉಪಾಯ. ಆನೆಕೆರೆಯ ಏರಿ ಮೇಲೆ ಒಂದು ಸುತ್ತು ಹಾಕಿ ತಿಳವಳ್ಳಿ ದಾರಿ ಹಿಡಿದೆ. ಬಿಸಿಲೇರಿತ್ತು, ರಸ್ತೆಯ ಅರ್ಧಕ್ಕೆ ಜೋಳ ಹರವಿ ಕಾಯುತ್ತಿದ್ದ ಹೆಣ್ಣುಮಕ್ಕಳು "ಕಾಳಿನ ಮ್ಯಾಗ ಬರಬ್ಯಾಡ್ರಿ ಯಣ್ಣಾ" ಎಂದು ಕೂಗಿ ಹೇಳಿದರು. ಮಿರ್ಚಿ, ಮಂಡಕ್ಕಿ, ಚಹಾ. ಚಿಕ್ಕೇರೂರಿನ ಹೊತ್ತಿಗೆ ತೊಡೆಗಳು ಸೋತಿದ್ದವು.

ಹಿರೇಕೆರೂರು ದಾಟಿ ಮಾಸೂರಿನ ಆಚೆ ಗುಡ್ಡಗಳು ಒತ್ತಟ್ಟಿಗೆ ಬರುತ್ತವೆ. ಅವುಗಳ ನಡುವೆ ಕುಮುದ್ವತಿಯನ್ನು ತಡೆದು ಕಟ್ಟಿದ ಮದಗದ ಕೆರೆ. ವಿಜಯನಗರದ ಕಾಲದ ಈ ಏರಿಯ ಎತ್ತರ ನೋಡಿದರೆ ಆ ಕಾಲದವರ ಎದೆಗಾರಿಕೆ ಅರ್ಥವಾಗುತ್ತದೆ. ಗುಡ್ಡದ ಮೇಲಿಂದ ದನ ಇಳಿಯುವ ದಾರಿ, ಉದುರು ಗರಸು, ಮಧ್ಯದಲ್ಲಿ ಮಳೆನೀರು ಕೊರೆದ ಸೀಳು. ಮೇಲಕ್ಕೆ ತಳ್ಳಿಕೊಂಡು ಹತ್ತಿ ನಿಂತೆ. ಸೀಳಿನ ಎಡಕ್ಕೋ ಬಲಕ್ಕೋ ತೀರ್ಮಾನವಾಗಲಿಲ್ಲ.

ಅಷ್ಟರಲ್ಲಿ ಒಬ್ಬ ಹುಡುಗ ಹಳೆಯ ಸೈಕಲ್ ತಳ್ಳಿಕೊಂಡು ಬಂದ. ಹೆಣ್ಣುಮಕ್ಕಳ ಸೈಕಲ್, ಮುಂದೆ ಬುಟ್ಟಿ.

"ಯಾರ್ದಪಾ ಇದು?"

"ಅಕ್ಕಂದ್ರಿ. ಸಾಲ್ಯಾಗ ಕೊಟ್ಟಿದ್ರು."

2006-07ರಲ್ಲಿ ಶುರುವಾಗಿ ಎಂಟನೇ ತರಗತಿಯ ಮಕ್ಕಳಿಗೆ ಸರ್ಕಾರ ಕೊಡುತ್ತಿದ್ದ ಸೈಕಲ್. ಗೇರಿಲ್ಲ, ಸಸ್ಪೆನ್ಶನ್ ಇಲ್ಲ, ಹಿಂದಿನ ಬ್ರೇಕೂ ಇದ್ದಂತೆ ಕಾಣಲಿಲ್ಲ. ಹುಡುಗ ಸೀಟಿನಿಂದ ಎದ್ದು ಸೊಂಟ ಹಿಂದಕ್ಕೆ ಸರಿಸಿದ; ಎಡಕ್ಕೆ ಶುರು ಮಾಡಿ, ಸೀಳು ಕಿರಿದಾಗುವಲ್ಲಿ ಸರಕ್ಕನೆ ಬಲಕ್ಕೆ ದಾಟಿ, ಚಪ್ಪಲಿ ನೆಲಕ್ಕೆ ಒತ್ತಿ ವೇಗ ತಗ್ಗಿಸಿ ಕೆಳಗೆ ಮುಟ್ಟಿದ. ದಾರಿ ಆ ಜಾಗದಲ್ಲಿ ದಾಟುತ್ತದೆ ಎಂಬುದು ನನಗೆ ಮೇಲಿನಿಂದ ಕಂಡಿರಲೇ ಇಲ್ಲ. ವಿಜಯಪುರ, ಬಾಗಲಕೋಟೆಯ ಹಳ್ಳಿಗಳಿಂದ ಬಂದ ಮಕ್ಕಳು ಸೈಕ್ಲಿಂಗಿನಲ್ಲಿ ರಾಜ್ಯಕ್ಕೆ ಪದಕ ತಂದಿದ್ದಾರೆ. ಈ ಗುಡ್ಡದ ಮಕ್ಕಳಿಗೂ ಒಂದು ಒಳ್ಳೆಯ ಸೈಕಲ್, ಒಬ್ಬ ತರಬೇತುದಾರ ಸಿಗಲೇಬೇಕು.

ಅವನ ಗೆರೆಯನ್ನೇ ಹಿಡಿದು ಇಳಿದೆ. ಸೀಳು ದಾಟುವಾಗ ಹಿಂದಿನ ಗಾಲಿ ಒಮ್ಮೆ ಜಾರಿ ಮತ್ತೆ ಹಿಡಿಯಿತು. ಕೆಳಗೆ ನಿಂತಾಗ ಎದೆ ಡವಗುಡುತ್ತಿತ್ತು, ಹಳೆಯ ಖುಷಿ ಪೂರ್ತಿ ಮರಳಿತ್ತು. ಹೆಲ್ಮೆಟ್ ಬಿಚ್ಚಿ ಹುಡುಗನ ತಲೆಗೆ ಬಿಗಿದೆ, ನನ್ನ ಸೈಕಲನ್ನು ಅವನ ಕೈಗೆ ಕೊಟ್ಟು ಗೇರು ಬದಲಿಸುವುದನ್ನು ತೋರಿಸಿದೆ.

"ಮುಂದಿನ ಬ್ರೇಕ್ ಜೋರಾಗಿ ಹಿಡೀಬ್ಯಾಡ. ಒಂದ ಬೆರಳು ಸಾಕು."

"ಹತ್ತೂ ಮುಂದ ತುಳಕೊಂತನ ಹೋಗಬೌದೇನ್ರಿ?"

"ಸಣ್ಣ ಗೇರು ಹಾಕು, ಹೋಗ್ತದ."

ಅವನು ತುಳಿಯುತ್ತಲೇ ಹತ್ತಿದ. ನಾನು ಅವನ ಅಕ್ಕನ ಸೈಕಲ್ ತಳ್ಳಿಕೊಂಡು ಹಿಂದೆ ಹೊರಟೆ.