ದುರ್ಗದ ಸೀಮೆಯಲ್ಲಿ ಐದು ದಿನ

ಅಧ್ಯಯನಕ್ಕಾಗಿ ಯಾತ್ರೆ ಹೊರಡುವುದೆಂದರೆ ಕಡಲನ್ನು ದಾಟಿ ಪರದೇಶಕ್ಕೆ ಹೋಗುವುದೆಂದೇ ಈಗಿನ ಶುಶ್ರೂಷಾ ವಿದ್ಯಾರ್ಥಿನಿಯರಲ್ಲಿ ಅನೇಕರು ತಿಳಿದಿರುವರು. ಅದರಲ್ಲಿ ತಪ್ಪೇನೂ ಇಲ್ಲ. ಫ್ಲಾರೆನ್ಸ್ ನೈಟಿಂಗೇಲ್ ಅವರ ಹೆಸರಿನ ಶುಶ್ರೂಷೆಯ ಶಾಲೆಯು ೧೮೬೦ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ತೆರೆದಂದಿನಿಂದ ಈ ವಿದ್ಯೆಯು ದೇಶದಿಂದ ದೇಶಕ್ಕೆ ನಡೆದೇ ಬೆಳೆದಿದೆ. ಆದರೆ ಆ ಮಹಾತಾಯಿಯು ಭಾರತವನ್ನು ಒಮ್ಮೆಯೂ ಕಣ್ಣಾರೆ ಕಾಣದಿದ್ದರೂ ನಮ್ಮ ದೇಶದ ನೀರಾವರಿಯನ್ನೂ ಹಳ್ಳಿಗಳ ನೈರ್ಮಲ್ಯವನ್ನೂ ಕುರಿತು ವರ್ಷಗಟ್ಟಲೆ ಬರೆದರು. ಗಾಯಕ್ಕೆ ಪಟ್ಟಿ ಕಟ್ಟುವವರಿಗೆ ಕೆರೆಕಾಲುವೆಗಳ ಚಿಂತೆ ಏಕೆಂದು ನಾವು ಪಾಠದ ಹೊತ್ತಿನಲ್ಲಿ ಕೇಳಿದುದುಂಟು. ಉತ್ತರವು ದೊರೆತದ್ದು ಪುಸ್ತಕದಲ್ಲಲ್ಲ, ಚಿತ್ರದುರ್ಗದ ಸೀಮೆಯಲ್ಲಿ.

ನಾವು ಎಂಟು ಮಂದಿ ವಿದ್ಯಾರ್ಥಿನಿಯರು. ನಮ್ಮೊಡನೆ ಒಬ್ಬ ಅಧ್ಯಾಪಿಕೆಯವರು. ನಮ್ಮಲ್ಲಿ ಮೂವರು ವ್ಯಾಸಂಗ ಮುಗಿದೊಡನೆ ಇಂಗ್ಲೆಂಡಿಗೋ ಐರ್ಲೆಂಡಿಗೋ ಹೋಗುವ ಸಿದ್ಧತೆಯಲ್ಲಿದ್ದರು. “ಕಡಲನ್ನು ಆಮೇಲೆ ದಾಟುವಿರಂತೆ, ಮೊದಲು ವೇದಾವತಿಯನ್ನು ದಾಟಿ ಬರೋಣ” ಎಂದು ಅಧ್ಯಾಪಿಕೆಯವರು ನಗುತ್ತ ಹೇಳಿದರು. ಮೊದಲು ಚಿತ್ರದುರ್ಗ, ಅಲ್ಲಿಂದ ನೈಋತ್ಯಕ್ಕೆ ಹೊಳಲ್ಕೆರೆ, ಮತ್ತೆ ತೆಂಕಣಕ್ಕೆ ಹೊಸದುರ್ಗ, ಕೊನೆಗೆ ಮೂಡಲಿಗೆ ತಿರುಗಿ ಹಿರಿಯೂರು. ಮಳೆಗಾಲದ ಕೊನೆಯಲ್ಲಿ ಐದು ದಿನಗಳ ಪ್ರವಾಸವೆಂದು ಗೊತ್ತಾಯಿತು.

ಚಿತ್ರದುರ್ಗದಲ್ಲಿ ಮೊದಲನೆಯ ಬೆಳಗ್ಗೆ ಆಸ್ಪತ್ರೆಯ ವಾರ್ಡಿನಲ್ಲಿ ಕಳೆಯಿತು. ಅಲ್ಲಿ ನಾವು ಕಂಡ ವೃದ್ಧರೊಬ್ಬರನ್ನು ಮರೆಯುವಂತಿಲ್ಲ. ಅವರಿಗೆ ಕುತ್ತಿಗೆ ಹೊರಳುತ್ತಿರಲಿಲ್ಲ. ಯಾರಾದರೂ ಕರೆದರೆ ಮರದ ಕೊರಡಿನಂತೆ ಇಡೀ ದೇಹವನ್ನೇ ತಿರುಗಿಸಿ ನೋಡುತ್ತಿದ್ದರು. “ತಾತ, ಏನು ಕೆಲಸ ಮಾಡುತ್ತಿದ್ದಿರಿ?” ಎಂದು ಕೇಳಿದೆವು. “ಬೇಸಾಯ ಕಣವ್ವ. ಈಗ ಬಗ್ಗಿ ಒಂದು ಕಡ್ಡಿ ಸೊಪ್ಪು ಕೀಳಾಕೂ ಆಗಾಕಿಲ್ಲ” ಎಂದರು. ವೈದ್ಯರು ಅವರ ಕ್ಷ-ಕಿರಣದ ಚಿತ್ರವನ್ನು ಬೆಳಕಿಗೆ ಹಿಡಿದು ತೋರಿಸಿದರು. ಬೆನ್ನೆಲುಬು ಸುಣ್ಣ ಬಳಿದಂತೆ ಬೆಳ್ಳಗೆ ದಪ್ಪವಾಗಿತ್ತು. ಮೂಳೆಗಳನ್ನು ಬಿಗಿದಿಡುವ ನಾರುಗಳು ಕೂಡ ಮೂಳೆಯಂತೆ ಗಟ್ಟಿಯಾಗಿದ್ದುವು. ಇದು ಹತ್ತಾರು ವರ್ಷ ಕುಡಿದ ನೀರಿನಲ್ಲಿದ್ದ ಫ್ಲೋರೈಡಿನ ಫಲ. ನೋವನ್ನು ತಗ್ಗಿಸಬಹುದು, ಆದರೆ ಬಿಗಿದ ಬೆನ್ನನ್ನು ಮತ್ತೆ ಬಾಗಿಸುವ ಔಷಧವಿಲ್ಲ. “ಈ ರೋಗಕ್ಕೆ ಆಸ್ಪತ್ರೆಯ ಬಾಗಿಲು ಬಹಳ ತಡವಾದ ಜಾಗ” ಎಂದು ವೈದ್ಯರು ಹೇಳಿದ ಮಾತನ್ನು ನಾವು ಬರೆದುಕೊಂಡೆವು.

ಮಧ್ಯಾಹ್ನ ಕೋಟೆಯನ್ನು ಹತ್ತಿದೆವು. ಏಳು ಸುತ್ತಿನ ಕಲ್ಲಿನ ಕೋಟೆಯ ವರ್ಣನೆಯನ್ನು ವಾಚಕರು ಕೇಳಿಯೇ ಇರುವರಾದ್ದರಿಂದ ಅದನ್ನಿಲ್ಲಿ ಬೆಳೆಸುವುದಿಲ್ಲ. ಗುಣಿಯೊಂದರಲ್ಲಿ ನಾಲ್ಕು ಭಾರಿ ಬೀಸುಕಲ್ಲುಗಳನ್ನು ಕಂಡು, ಅವುಗಳಿಗೆ ‘ಮದ್ದು ಬೀಸುವ ಕಲ್ಲು’ ಎಂದು ಹೆಸರೆಂಬುದನ್ನು ಕೇಳಿದೊಡನೆ ನಮ್ಮ ಗೆಳತಿಯೊಬ್ಬಳು, “ಅಬ್ಬ, ಇಷ್ಟು ಮದ್ದು ಅರೆದರೆ ಎಷ್ಟು ರೋಗಿಗಳಿಗೆ ಸಾಲದು!” ಎಂದಳು. “ಇದು ರೋಗಿಗಳನ್ನು ಹೆಚ್ಚಿಸುವ ಮದ್ದಮ್ಮ, ಕೋವಿಯ ಮದ್ದು” ಎಂದು ಅಧ್ಯಾಪಿಕೆಯವರು ತಿದ್ದಿದಾಗ ಎಲ್ಲರೂ ನಕ್ಕೆವು.

ನಮ್ಮ ಕಣ್ಣನ್ನು ಹೆಚ್ಚು ಸೆಳೆದುದು ಬುರುಜುಗಳಲ್ಲ, ನೀರು. ಬಂಡೆಗಳ ಮೇಲೆ ಬಿದ್ದ ಮಳೆಯ ನೀರು ಗೋಪಾಲಸ್ವಾಮಿ ಹೊಂಡದಲ್ಲಿ ನಿಲ್ಲುವುದು. ಅದು ತುಂಬಿದರೆ ಅಕ್ಕತಂಗಿಯರ ಹೊಂಡಕ್ಕೆ ಇಳಿಯುವುದು. ಅಲ್ಲಿಂದ ಊರೊಳಗಿನ ಸಿಹಿನೀರು ಹೊಂಡ, ಸಂತೆಹೊಂಡಗಳಿಗೆ ಹರಿಯುವುದು. ನದಿಯಿಲ್ಲದ ಬೆಟ್ಟದ ಮೇಲೆ ಸೈನ್ಯವನ್ನೂ ಸಂಸಾರಗಳನ್ನೂ ಸಾಕಿದ್ದು ಈ ಏರ್ಪಾಡು. ಒನಕೆ ಓಬವ್ವನ ಕಥೆಯೂ ನೀರಿನಿಂದಲೇ ಮೊದಲಾಗುತ್ತದೆ. ಕಾವಲಿನ ಗಂಡ ಊಟಕ್ಕೆ ಕುಳಿತಾಗ ಆಕೆ ನೀರು ತರಲೆಂದು ಹೊರಟಳು. ಆಗಲೇ ಹೈದರಾಲಿಯ ಸೈನಿಕರು ಬಂಡೆಯ ಕಿಂಡಿಯಲ್ಲಿ ನುಸುಳುವುದನ್ನು ಕಂಡಳು ಎಂದು ಜನರು ಹೇಳುವರು. ೧೭೭೯ರಲ್ಲಿ ದುರ್ಗವು ಹೈದರನ ವಶವಾದರೂ ಓಬವ್ವನ ಹೆಸರು ಸೋಲಲಿಲ್ಲ. ಆ ಕಿಂಡಿಯಲ್ಲಿ ನಾವೂ ಒಬ್ಬೊಬ್ಬರಾಗಿ ಮೈಯನ್ನು ಹಿಡಿಮಾಡಿಕೊಂಡು ನುಸುಳಿ ನೋಡಿದೆವು. ತಲೆ ಹೊರಗೆ ಬಂದಾಗ ಎರಡು ಕೈಗಳೂ ಬಂಡೆಗೆ ಸಿಕ್ಕಿರುತ್ತವೆ. ಒಬ್ಬ ಹೆಂಗಸು ಒಂದು ಒನಕೆಯಿಂದ ಅಷ್ಟು ಜನರನ್ನು ಹೇಗೆ ತಡೆದಾಳೆಂಬ ಸಂಶಯ ಅಲ್ಲಿಗೆ ತೀರಿತು.

ಇಳಿಯುವಾಗ ಮಳೆ ಹಿಡಿಯಿತು. ಒದ್ದೆಯಾದ ಬಂಡೆಯ ಮೇಲೆ ಗೆಳತಿಯೊಬ್ಬಳ ಕಾಲು ಜಾರಿ, ಹರಡು ಉಳುಕಿ, ನೋಡನೋಡುತ್ತಿರುವಂತೆಯೇ ಬಾತುಕೊಂಡಿತು. ಪಟ್ಟಿಯ ಸುರುಳಿಯನ್ನು ಚೀಲದಿಂದ ತೆಗೆದು ಪಕ್ಕದಲ್ಲಿಟ್ಟಿದ್ದೇ ತಡ, ಕೋತಿಯೊಂದು ಹಾರಿ ಬಂದು ಅದನ್ನು ಕಿತ್ತುಕೊಂಡು ಗೋಡೆಯೇರಿತು. ಬಿಳಿಯ ಪಟ್ಟಿಯು ತೋರಣದಂತೆ ಕೋಟೆಗೆ ಜೋತುಬಿದ್ದಿತು. ನೋವಿನಲ್ಲಿದ್ದವಳೂ ನಗದಿರಲಿಲ್ಲ. ದುಪಟ್ಟಾವನ್ನು ಮಡಿಸಿ ಕಟ್ಟಿ, ಬೆರಳುಗಳ ಬಣ್ಣವನ್ನೂ ಪಾದದ ನಾಡಿಯನ್ನೂ ನೋಡಿಕೊಂಡು, ಇಬ್ಬಿಬ್ಬರು ಸರದಿಯಂತೆ ನಾಲ್ಕು ಕೈಗಳನ್ನು ಹೆಣೆದು ಪೀಠಮಾಡಿ ಅವಳನ್ನು ಕೆಳಗಿಳಿಸಿದೆವು. ಶಾಲೆಯಲ್ಲಿ ಸಮನೆಲದ ಮೇಲೆ ಹತ್ತು ಹೆಜ್ಜೆ ನಡೆದು ಒಪ್ಪಿಸಿದ್ದ ಪಾಠವನ್ನು ಇಲ್ಲಿ ನೂರಾರು ಮೆಟ್ಟಲುಗಳಲ್ಲಿ ಒಪ್ಪಿಸಬೇಕಾಯಿತು. ಪುಣ್ಯಕ್ಕೆ ಮೂಳೆ ಮುರಿದಿರಲಿಲ್ಲ.

ಮರುದಿನ ಬೆಳಗ್ಗೆ ಚಂದ್ರವಳ್ಳಿಯನ್ನು ನೋಡಿದೆವು. ಬೆಟ್ಟಗಳ ನಡುವಣ ಈ ಕಣಿವೆಯಲ್ಲಿ ಎಂ. ಎಚ್. ಕೃಷ್ಣ ಅವರೂ, ೧೯೪೭ರಲ್ಲಿ ಮಾರ್ಟಿಮರ್ ವೀಲರ್ ಅವರೂ ಅಗೆದು ಶಾತವಾಹನರ ಕಾಲದ ಊರಿನ ಕುರುಹುಗಳನ್ನು ಹೊರತೆಗೆದರು. ರೋಮಿನ ನಾಣ್ಯಗಳೂ ಇಲ್ಲಿ ದೊರೆತಿವೆ. ಬಂಡೆಯ ಮೇಲೆ ಕದಂಬರ ಮಯೂರಶರ್ಮನ ಶಾಸನವಿದೆ. ಸುಮಾರು ನಾಲ್ಕನೆಯ ಶತಮಾನದ ಆ ಬರಹವು ಹೇಳುವುದು ಒಂದು ಕೆರೆಯ ವಿಷಯವನ್ನು! ಈ ಸೀಮೆಯಲ್ಲಿ ಅರಸನ ಕೀರ್ತಿಯೂ ನೀರನ್ನೇ ಆಶ್ರಯಿಸಿತ್ತೆಂದು ತೋರಿತು.

ಹೊಳಲ್ಕೆರೆಯ ದಾರಿಯಲ್ಲಿ ನೋಟವು ಬದಲಾಯಿತು. ಬೋಳು ಬಂಡೆಗಳು ಹಿಂದುಳಿದು ಅಡಕೆಯ ತೋಟಗಳು ಎದುರಾದುವು. ಊರಿನಲ್ಲಿ ಬಯಲಿನಲ್ಲೇ ವಿರಾಜಮಾನನಾದ ದೊಡ್ಡ ಗಣಪತಿಗೆ ಕೈಮುಗಿದು, ತೋಟವೊಂದನ್ನು ಹೊಕ್ಕೆವು. ತೋಟದವರು ಹೆಮ್ಮೆಯಿಂದ ಗೊನೆಗಳನ್ನು ತೋರಿಸಿದರು. ಕೊಳವೆಬಾವಿಯ ಮಾತು ಬಂದಾಗ ದನಿ ತಗ್ಗಿತು. ಅವರ ತಂದೆಯ ಕಾಲದಲ್ಲಿ ತೆರೆದ ಬಾವಿಯೇ ಸಾಕಾಗಿತ್ತು; ಈಗ ನೂರಾರು ಅಡಿ ಕೊರೆಯಬೇಕು. ಇಲ್ಲಿಯೇ ವಾರ್ಡಿನ ವೃದ್ಧರ ರೋಗದ ಮೂಲವು ನಮಗೆ ಸ್ಪಷ್ಟವಾಯಿತು. ಈ ಸೀಮೆಯ ಕಲ್ಲಿನಲ್ಲಿಯೇ ಫ್ಲೋರೈಡಿನ ಅಂಶವುಂಟು. ಕೆರೆಯ ನೀರೂ ಮಳೆಯ ನೀರೂ ಕಲ್ಲಿನೊಡನೆ ಹೆಚ್ಚು ಕಾಲ ಇರುವುದಿಲ್ಲ. ಆಳದ ನೀರಾದರೋ ಬಹುಕಾಲ ಕಲ್ಲಿನ ಸಂದುಗಳಲ್ಲಿ ನಿಂತು ಅದನ್ನು ಕರಗಿಸಿಕೊಳ್ಳುತ್ತದೆ. ತೋಟವನ್ನು ಉಳಿಸಿದ ಕೊಳವೆಬಾವಿಯೇ ಕುಡಿಯುವ ಕೊಡವನ್ನೂ ತುಂಬಿಸತೊಡಗಿದಾಗ ಮೂಳೆಗೆ ಕುತ್ತು ಬರುತ್ತದೆ.

ಮೂರನೆಯ ದಿನ ಹೊಸದುರ್ಗದ ತಾಲ್ಲೂಕಿನ ಒಂದು ಹಳ್ಳಿಯಲ್ಲಿ, ಆಶಾ ಕಾರ್ಯಕರ್ತೆಯೊಡನೆ ಮನೆಮನೆಗೆ ಹೋದೆವು. ದೂರದ ಗುಡ್ಡಗಳ ಮೇಲೆ ಗಾಳಿಯಂತ್ರಗಳು ಮೆಲ್ಲನೆ ತಿರುಗುತ್ತಿದ್ದುವು. ಒಂದು ಮನೆಯ ಜಗಲಿಯಲ್ಲಿ ಹತ್ತು ವರ್ಷದ ಹುಡುಗಿಯೊಬ್ಬಳು ನಮ್ಮನ್ನು ಕಂಡು ನಕ್ಕಳು; ನಕ್ಕೊಡನೆಯೇ ಅಂಗೈಯಿಂದ ಬಾಯಿ ಮುಚ್ಚಿಕೊಂಡಳು. ಹಲ್ಲುಗಳ ಮೇಲೆ ಕಂದುಬಣ್ಣದ ಪಟ್ಟೆಗಳಿದ್ದುವು. ತಿಕ್ಕಿದರೆ ಹೋಗುವ ಕಲೆಯಲ್ಲ ಅದು. ಹಲ್ಲು ಒಸಡಿನೊಳಗೆ ಬೆಳೆಯುತ್ತಿದ್ದಾಗಲೇ ಮೂಡಿದ್ದು. ಅವಳ ಪಕ್ಕದಲ್ಲಿ ಎರಡು ವರ್ಷದ ತಮ್ಮ ಹಾಲುಹಲ್ಲುಗಳನ್ನು ತೋರುತ್ತ ಕುಳಿತಿದ್ದ. ಅವನ ಕಾಯಂ ಹಲ್ಲುಗಳು ಇನ್ನೂ ಒಳಗೇ ರೂಪುಗೊಳ್ಳುತ್ತಿರುವ ಕಾಲ. ಅವನ ಕೊಡಕ್ಕೆ ಯಾವ ನೀರು ಬೀಳುವುದೆಂಬುದರ ಮೇಲೆಯೇ ಅವನ ನಗೆಯೂ ಮುಂದೆ ಅವನ ಬೆನ್ನೂ ನಿಂತಿದ್ದುವು.

“ನಾನು ಕಾಸಿ ಆರಿಸಿಯೇ ಕುಡಿಸ್ತೀನಿ ಕಣವ್ವ” ಎಂದು ಅಜ್ಜಿ ಖಂಡಿತವಾಗಿ ಹೇಳಿದರು. ಅಧ್ಯಾಪಿಕೆಯವರು ವಾದಿಸಲಿಲ್ಲ. ಪರೀಕ್ಷೆಯ ಪೆಟ್ಟಿಗೆಯನ್ನು ತೆರೆದು, ಕೊಳವೆಬಾವಿಯ ನೀರನ್ನು ಒಂದು ಗಾಜಿನ ನಳಿಗೆಗೂ ಹೆಂಚಿನಿಂದ ಪೀಪಾಯಿಗೆ ಇಳಿದಿದ್ದ ಮಳೆಯ ನೀರನ್ನು ಇನ್ನೊಂದಕ್ಕೂ ಹುಯ್ದು, ಎರಡಕ್ಕೂ ಒಂದೇ ಬಣ್ಣದ ದ್ರವವನ್ನು ಬೆರೆಸಿದರು. ಮಳೆಯ ನೀರಿನಲ್ಲಿ ಬಣ್ಣ ಹಾಗೆಯೇ ನಿಂತಿತು; ಬಾವಿಯ ನೀರಿನಲ್ಲಿ ಬೇರೆಯಾಯಿತು. ಪೆಟ್ಟಿಗೆಯೊಡನಿದ್ದ ಬಣ್ಣದ ಪಟ್ಟಿಗೆ ಹಿಡಿದು ನೋಡಿದೆವು. ಲೀಟರಿಗೆ ೧ ಮಿಲಿಗ್ರಾಂ ಇದ್ದರೆ ಒಳ್ಳೆಯದು, ಬೇರೆ ನೀರಿಲ್ಲದ ಕಡೆ ೧.೫ರವರೆಗೆ ಸಹಿಸಬಹುದೆಂಬುದು ನಮ್ಮ ದೇಶದ ಮಿತಿ. ಈ ನೀರು ಅದನ್ನು ಚೆನ್ನಾಗಿ ಮೀರಿತ್ತು. ಆಮೇಲೆ ಅಜ್ಜಿಯ ಕಾಸಿದ ನೀರನ್ನೂ ಪರೀಕ್ಷಿಸಿದರು. ಅದರಲ್ಲಿಯೂ ಬಣ್ಣ ಮಾರ್ಪಟ್ಟಿತು. “ಹಂಗಾರೆ ಕಾಸಿದ್ದೂ ದಂಡ ಅನ್ನವ್ವ” ಎಂದು ಅಜ್ಜಿ ಖಿನ್ನರಾದರು. “ದಂಡವಲ್ಲ ಅಜ್ಜಿ, ಕಾಸಿದರೆ ರೋಗಾಣುಗಳು ಸಾಯುತ್ತವೆ, ಇದು ಮಾತ್ರ ಹೋಗುವುದಿಲ್ಲ. ನೀರು ಇಂಗಿದಷ್ಟೂ ಉಳಿದುದರಲ್ಲಿ ಹೆಚ್ಚಾಗುತ್ತದೆ” ಎಂದು ಅಧ್ಯಾಪಿಕೆಯವರು ತಿಳಿಸಿದರು. ಮಕ್ಕಳ ತಾಯಿ ಅದುವರೆಗೆ ಮಾತಾಡದೆ ಬಾಗಿಲಲ್ಲಿ ನಿಂತಿದ್ದರು. ಊರ ಶುದ್ಧನೀರಿನ ಘಟಕದಿಂದ ಕುಡಿಯುವುದಕ್ಕೂ ಅಡಿಗೆಗೂ ದಿನಕ್ಕೊಂದು ಕ್ಯಾನು ನೀರನ್ನು ತಾವೇ ತರುವುದಾಗಿ ಹೇಳಿ, ಕೊಳವೆಬಾವಿಯ ಕೊಡವನ್ನು ಅಡಿಗೆಮನೆಯಿಂದ ಎತ್ತಿ ಬಚ್ಚಲಿಗೆ ಇಟ್ಟರು. ಆ ದಿನ ಅದಕ್ಕಿಂತ ದೊಡ್ಡ ಚಿಕಿತ್ಸೆಯನ್ನು ನಾವು ನೋಡಲಿಲ್ಲ.

ಹೊಸದುರ್ಗದಿಂದ ಹಿರಿಯೂರಿಗೆ ಹೋಗುವ ದಾರಿಯಲ್ಲಿ ಮಾರಿಕಣಿವೆಯನ್ನು ಕಂಡೆವು. ಬಾಬಾಬುಡನ್ ಗಿರಿಯ ಕಡೆಯಿಂದ ಬರುವ ವೇದಾವತಿಯನ್ನು ಎರಡು ಗುಡ್ಡಗಳ ನಡುವೆ ಅಡ್ಡಗಟ್ಟಿ, ೧೮೯೮ರಲ್ಲಿ ತೊಡಗಿ ೧೯೦೭ರಲ್ಲಿ ಮುಗಿಸಿದ ಕಟ್ಟೆಯಿದು. ೧೩೦ ಅಡಿ ನೀರು ನಿಂತರೆ ಕೋಡಿ ಬೀಳುವುದು. ೧೯೩೩ರಲ್ಲಿ ಕೋಡಿ ಬಿದ್ದುದನ್ನು ಕಂಡ ಮಕ್ಕಳು ಮುದುಕರಾದರೂ ಮತ್ತೆ ಕಾಣಲಿಲ್ಲ. ೮೯ ವರ್ಷಗಳ ಮೇಲೆ, ೨೦೨೨ರಲ್ಲಿ, ಮತ್ತೆ ಕೋಡಿ ಹರಿದಾಗ ಸೀಮೆಯ ಜನರೆಲ್ಲ ಜಾತ್ರೆಗೆ ಬಂದಂತೆ ಬಂದರು.

ಈ ಸಾಗರಕ್ಕೆ ವಾಣೀವಿಲಾಸವೆಂದು ಹೆಸರು. ಮಹಾರಾಜ ಚಾಮರಾಜೇಂದ್ರ ಒಡೆಯರು ೧೮೯೪ರ ಡಿಸೆಂಬರಿನಲ್ಲಿ ಕಲ್ಕತ್ತೆಯಲ್ಲಿ ಗಂಟಲುಮಾರಿಯಿಂದ ಅಕಾಲಮರಣಕ್ಕೀಡಾದ ಮೇಲೆ, ಬಾಲಕನಾದ ಮಗನ ಪರವಾಗಿ ೧೯೦೨ರವರೆಗೆ ರಾಜ್ಯವನ್ನಾಳಿದ ಮಹಾರಾಣಿ ಕೆಂಪನಂಜಮ್ಮಣ್ಣಿ ವಾಣೀವಿಲಾಸ ಸನ್ನಿಧಾನದವರ ಹೆಸರದು. ೧೯೩೫ರಲ್ಲಿ ತೆರೆದ ಬೆಂಗಳೂರಿನ ಹೆಂಗಸರ ಮಕ್ಕಳ ಆಸ್ಪತ್ರೆಗೂ ಅದೇ ಹೆಸರು. ಗಂಡನನ್ನು ಕೊಂಡೊಯ್ದ ರೋಗವು ಈಗ ಎಳೆಯ ಮಕ್ಕಳಿಗೆ ಹಾಕುವ ಚುಚ್ಚುಮದ್ದಿನಿಂದ ತಡೆಯಬಹುದಾದದ್ದು. ಕಟ್ಟೆಗೂ ಆಸ್ಪತ್ರೆಗೂ ಒಬ್ಬ ತಾಯಿಯ ಹೆಸರಿರುವುದು ನಮಗೆ ಬಹಳ ಉಚಿತವೆನಿಸಿತು. ಆದರೆ ನೀರು ಬಂದೆಡೆ ಎಚ್ಚರವೂ ಬೇಕು. ನೀರಾವರಿಯ ಬಯಲುಗಳಲ್ಲಿ ಮಲೇರಿಯಾ ಜನರನ್ನು ಪೀಡಿಸಿತು. ೧೯೨೦ರ ದಶಕದ ಕೊನೆಯಲ್ಲಿ ಮೈಸೂರು ಸರ್ಕಾರವು ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ ಆ ಜ್ವರದ ಶೋಧನೆಯನ್ನು ಕೈಕೊಂಡಾಗ ಹಿರಿಯೂರಿನ ಸೀಮೆಯೂ ಅದರಲ್ಲಿ ಸೇರಿತ್ತು.

ಕೊನೆಯ ರಾತ್ರಿ ಹಿರಿಯೂರಿನ ಆಸ್ಪತ್ರೆಯಲ್ಲಿ ಪಾಳಿ. ಒಂಬತ್ತು ಗಂಟೆಯ ಸುಮಾರಿಗೆ ಯುವಕನೊಬ್ಬನು ತನ್ನ ಅಣ್ಣನನ್ನು ಮೋಟಾರು ಸೈಕಲ್ಲಿನ ಹಿಂದೆ ಕೂರಿಸಿ, ಅವನನ್ನು ಹಿಡಿದುಕೊಳ್ಳಲು ಇನ್ನೊಬ್ಬನನ್ನು ಹಿಂದೆ ಹತ್ತಿಸಿಕೊಂಡು ಬಂದನು. ಶೇಂಗಾದ ಹೊಲದಲ್ಲಿ ಹಾವು ಕಚ್ಚಿತ್ತು. ಅವರು ಕಾಲಿಗೆ ಹಗ್ಗ ಬಿಗಿದಿರಲಿಲ್ಲ, ಗಾಯವನ್ನು ಕೊಯ್ದಿರಲಿಲ್ಲ, ಮಂತ್ರ ಹಾಕಿಸಲು ನಿಂತಿರಲಿಲ್ಲ. ಕಾಲನ್ನು ಅಲುಗಿಸದೆ ನೇರವಾಗಿ ಬಂದಿದ್ದರು. ವೈದ್ಯರು ರಕ್ತವನ್ನು ತೆಗೆದು ಒಣಗಿದ ಗಾಜಿನ ನಳಿಗೆಯಲ್ಲಿ ಹಾಕಿ, ಅಲುಗಿಸದೆ ೨೦ ನಿಮಿಷ ಕಾಯುವಂತೆ ನಮಗೆ ಒಪ್ಪಿಸಿದರು. ಹೆಪ್ಪುಗಟ್ಟಿದರೆ ಸರಿ, ಗಟ್ಟದಿದ್ದರೆ ವಿಷವೇರಿದೆಯೆಂದು ಅರ್ಥ. ಅಷ್ಟು ದೀರ್ಘವಾದ ೨೦ ನಿಮಿಷಗಳನ್ನು ನಾವು ಕಂಡಿರಲಿಲ್ಲ. ನಳಿಗೆಯನ್ನು ಬಾಗಿಸಿದಾಗ ರಕ್ತವು ನೀರಿನಂತೆ ಹರಿಯಿತು. ಒಡನೆಯೇ ವಿಷಹರ ಔಷಧವನ್ನು ನಾಳಕ್ಕೆ ಏರಿಸಿದರು. ಆರು ಗಂಟೆಗಳ ಮೇಲೆ, ಬೆಳಗಿನ ಜಾವದಲ್ಲಿ, ಮತ್ತೆ ನಳಿಗೆ, ಮತ್ತೆ ೨೦ ನಿಮಿಷ. ಈ ಸಲ ಬಾಗಿಸಿದರೂ ರಕ್ತ ಹರಿಯಲಿಲ್ಲ. ಹೆಪ್ಪು ಹೆರೆದ ಮೊಸರಿನಂತೆ ನಿಂತಿತ್ತು. ಹೊರಗೆ ಬೆಂಚಿನ ಮೇಲೆ ಕುಳಿತಿದ್ದ ತಮ್ಮನಿಗೆ ಸುದ್ದಿ ಹೇಳಿದಾಗ ಅವನು ಟವೆಲಿನಲ್ಲಿ ಮುಖ ಮುಚ್ಚಿಕೊಂಡು ಅತ್ತನು.

ಇಬ್ಬರು ರೋಗಿಗಳು, ಒಂದು ಮಗು: ನಮ್ಮ ಯಾತ್ರೆಯ ಫಲವು ಇಷ್ಟೇ. ವೃದ್ಧರು ಆಸ್ಪತ್ರೆಗೆ ಬರುವ ವೇಳೆಗೆ ಕಾಲ ಮೀರಿತ್ತು. ಹಾವು ಕಚ್ಚಿದವನನ್ನು ತಮ್ಮನ ವಿವೇಕವು ಕಾಲಕ್ಕೆ ತಂದು ಮುಟ್ಟಿಸಿತು. ಮಗುವಿಗೆ ಇನ್ನೂ ಕಾಲವಿದೆ.

ವಾಚಕರಲ್ಲಿ ಯಾರಾದರೂ ದುರ್ಗದ ಕಡೆಗೆ ಹೋಗುವುದಾದರೆ ಮಳೆಗಾಲ ಮುಗಿಯುತ್ತಿರುವ ದಿನಗಳಲ್ಲಿ ಹೋಗಲಿ. ಹೊಂಡಗಳು ತುಂಬಿರುತ್ತವೆ, ಬಿಸಿಲು ಹಿತವಾಗಿರುತ್ತದೆ. ಕೋಟೆಗೆ ಜಾರದ ಪಾದರಕ್ಷೆಯನ್ನು ಮೆಟ್ಟಲಿ, ತಿಂಡಿಯನ್ನು ಕೋತಿಗಳ ಕಣ್ಣಿಗೆ ಬೀಳದಂತೆ ಇಡಲಿ. ಮನೆಯಲ್ಲಿ ಕೊಳವೆಬಾವಿಯ ನೀರನ್ನು ಕುಡಿಯುವ ಗೃಹಿಣಿಯರು, ಅವರು ಯಾವ ಜಿಲ್ಲೆಯವರೇ ಆಗಿರಲಿ, ಅದನ್ನು ಒಮ್ಮೆ ಪರೀಕ್ಷೆ ಮಾಡಿಸಲಿ. ಎಂಟು ವರ್ಷದೊಳಗಿನ ಮಕ್ಕಳಿರುವ ಮನೆಯವರಂತೂ ಇದನ್ನು ನಾಳೆಗೆ ಬಿಡದಿರಲಿ.