ಐದೂ ಮುಕ್ಕಾಲು

ವಾಚ್ ರಿಪೇರಿಯವನು ಕಣ್ಣಿಗೆ ಸಿಕ್ಕಿಸಿಕೊಂಡ ಭೂತಗನ್ನಡಿಯನ್ನು ತೆಗೆಯದೆಯೇ ಹೇಳಿದ: "ಎಣ್ಣೆ ಹಾಕಿದೀನಿ ಸಾರ್. ಕಾಲು ಗಂಟೆ ಮುಂದಿತ್ತು, ಅದನ್ನೂ ಸರಿ ಮಾಡಿದೀನಿ. ಅದಕ್ಕೇನೂ ದುಡ್ಡು ಬೇಡ."

ನನ್ನ ಎದೆ ಧಸಕ್ಕೆಂದಿತು. ದಿನಾ ಬೆಳಿಗ್ಗೆ ಕೀ ಕೊಟ್ಟು, ನಿಂತುಹೋದಾಗಲೆಲ್ಲ ಫೋನು ನೋಡಿ ಹದಿನೈದು ಕೂಡಿಸಿ, ವರ್ಷಾನುಗಟ್ಟಲೆ ಸಾಕಿಕೊಂಡು ಬಂದಿದ್ದ ಕಾಲು ಗಂಟೆಯನ್ನು ಆ ಪುಣ್ಯಾತ್ಮ ಪುಕ್ಕಟೆಯಾಗಿ ಒರೆಸಿಹಾಕಿದ್ದ. ಅದು ಕಠ್ಮಂಡುವಿನ ಕಾಲು ಗಂಟೆ.

2015ರ ಮೇ ತಿಂಗಳ ಕೊನೆಯಲ್ಲಿ, ಮಳೆ ಹಿಡಿಯುವ ಮೊದಲು ಅಲ್ಲಿ ಭೂಕಂಪ ಕೆಡವಿದ ಕಲ್ಲುಮಣ್ಣು ತೆಗೆಯಲು ಜನ ಬೇಕು ಎಂದು ಗೆಳೆಯನೊಬ್ಬ ಕರೆದ. ಇಟ್ಟಿಗೆ ಹೊರಲು ಯಾವ ಡಿಗ್ರಿಯೂ ಬೇಡವಲ್ಲ, ಹೊರಟೆ. ಕೈಯಲ್ಲಿ ಅಪ್ಪನ ಎಚ್‌ಎಂಟಿ ಜನತಾ. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ ಬೆಂಗಳೂರಿನಲ್ಲಿ ಶುರುವಾದ ಕಾರ್ಖಾನೆಯ ಕೂಸು ಅದು. ನಮ್ಮ ಮನೆಯಲ್ಲಿ ಅದರ ಮಾತಿಗೆ ಎದುರುಮಾತಿರಲಿಲ್ಲ.

ಮೊದಲ ದಿನ ಆರು ಗಂಟೆಗೆ ಬಾಗ್‌ಬಜಾರಿಗೆ ಬರಲು ಹೇಳಿದ್ದರು, ಭಕ್ತಪುರದ ಬಸ್ಸು ಅಲ್ಲಿಂದಲೇ. ಆರಕ್ಕೆ ಸರಿಯಾಗಿ ಹೋದೆ. ನಮ್ಮ ತಂಡ ಹೊರಟುಹೋಗಿತ್ತು. ಎರಡನೆಯ ದಿನವೂ ಅದೇ ಕಥೆ. ಚಹಾದಂಗಡಿಯ ದೀದಿ ನನ್ನನ್ನು ನೋಡಿ, ಏನೂ ಕೇಳದೆ ಒಂದು ಲೋಟ ಮುಂದಿಟ್ಟಳು. ಅಂಗಡಿಯ ಗೋಡೆ ಗಡಿಯಾರ ಮುಂದಿತ್ತು, ನಾನು ಉಳಿದುಕೊಂಡಿದ್ದ ಮನೆಯದೂ ಮುಂದಿತ್ತು. ಇಷ್ಟಾದರೂ ನನಗೆ ಅನುಮಾನ ಬರಲಿಲ್ಲವೇ ಎಂದು ಕೇಳಬಹುದು. ಬರಲಿಲ್ಲ. ಗೋಡೆ ಗಡಿಯಾರ ಎಂದರೆ ಮುಂದಿರುವಂಥದು ಎಂದೇ ನಂಬಿ ಬೆಳೆದವನು ನಾನು. ನಮ್ಮ ಮನೆಯದನ್ನು ಅಮ್ಮ ಹತ್ತು ನಿಮಿಷ ಮುಂದೆ ಇಡುತ್ತಿದ್ದಳು. ಅಪ್ಪ ಅದರಲ್ಲಿ ಹತ್ತು ಕಳೆದು ನಿಧಾನಕ್ಕೆ ಶೂ ಹಾಕಿಕೊಳ್ಳುತ್ತಿದ್ದರು. ಅದು ಗೊತ್ತಾದ ಮೇಲೆ ಅಮ್ಮ ಇನ್ನೈದು ಸೇರಿಸಿದಳು.

ಮೂರನೆಯ ದಿನ ಶನಿವಾರ. ನೇಪಾಳದಲ್ಲಿ ವಾರದ ರಜೆ ಅವತ್ತೇ. ಪಶುಪತಿನಾಥನಲ್ಲಿಗೆ ಹೋದೆ. ಭಕ್ತಿಗಿಂತ ಹೆಚ್ಚಾಗಿ ಕನ್ನಡದ ಆಸೆಗೆ; ಅಲ್ಲಿ ಪೂಜೆ ಮಾಡುವ ಭಟ್ಟರು ತಲೆಮಾರುಗಳಿಂದ ದಕ್ಷಿಣದವರು, ಹೆಚ್ಚಿನವರು ನಮ್ಮ ಕಡೆಯವರೇ. ಹೊರಗೆ ಸಿಕ್ಕ ಒಬ್ಬರೊಡನೆ ಹರಕುಮುರುಕು ಹಿಂದಿಯಲ್ಲಿ ಶುರುಮಾಡಿದೆ. ಅವರು ನನ್ನ ಮಣಿಕಟ್ಟಿನತ್ತ ನೋಡಿ ನಕ್ಕರು.

"ನಿಮ್ಮ ವಾಚು ಇನ್ನೂ ಊರಲ್ಲೇ ಉಂಟಲ್ಲ ಮಾರಾಯ್ರೇ!"

ಗ್ರೀನಿಚ್‌ಗಿಂತ ನಾವು ಐದೂವರೆ ಗಂಟೆ ಮುಂದೆ, ಅವರು ಐದೂ ಮುಕ್ಕಾಲು. ಭೂಮಿ ಒಂದು ಡಿಗ್ರಿ ತಿರುಗಲು ನಾಲ್ಕು ನಿಮಿಷ. ನಮ್ಮ ಹೊತ್ತು ಮಿರ್ಜಾಪುರದ ಹತ್ತಿರ ಹಾಯುವ ಎಂಬತ್ತೆರಡೂವರೆ ಡಿಗ್ರಿಯ ರೇಖಾಂಶದ್ದು. 1986ರವರೆಗೆ ಕಠ್ಮಂಡುವೂ ಅದನ್ನೇ ನೋಡಿಕೊಂಡು ಎದ್ದು ಮಲಗುತ್ತಿತ್ತು. ಆಮೇಲೆ ಗೌರೀಶಂಕರದ ಬುಡದಲ್ಲಿ ಹಾಯುವ 86 ಡಿಗ್ರಿ 15 ಮಿನಿಟಿನ ಗೆರೆ ಹಿಡಿದು ಮುಳ್ಳನ್ನು ಕಾಲು ಗಂಟೆ ಮುಂದಕ್ಕೆ ತಿರುಗಿಸಿದರು. ಹಾಗೆ ನೋಡಿದರೆ ಕಠ್ಮಂಡುವಿನ ತಲೆಯ ಮೇಲಿನ ಸೂರ್ಯನ ಲೆಕ್ಕ ಸುಮಾರು 5 ಗಂಟೆ 41 ನಿಮಿಷ. ರಾಜಧಾನಿಯ ಸೂರ್ಯನನ್ನು ಬಿಟ್ಟು ಬೆಟ್ಟದ ಮಾತು ಕೇಳಿದರು.

ಈ ಗೌರೀಶಂಕರದ ಮೇಲೆ ನನಗೊಂದು ಮಮತೆ. ಹತ್ತೊಂಬತ್ತನೆಯ ಶತಮಾನದಲ್ಲಿ ಯುರೋಪಿನ ಹಲವರು ಎವರೆಸ್ಟನ್ನೇ ಗೌರೀಶಂಕರ ಎಂದುಕೊಂಡಿದ್ದರು, ನಕ್ಷೆಗಳಲ್ಲೂ ಹಾಗೇ ಬರೆಯುತ್ತಿದ್ದರು. 1903ರಲ್ಲಿ ಹೆನ್ರಿ ವುಡ್ ಎಂಬ ಸರ್ವೆ ಅಧಿಕಾರಿ ನೇಪಾಳಕ್ಕೆ ಬಂದು ಅಳೆದು, ಇದು ಬೇರೆ ಅದು ಬೇರೆ ಎಂದು ತೀರ್ಮಾನ ಕೊಟ್ಟ. ಜಗತ್ತಿನ ತುದಿಯಾಗಿದ್ದ ಬೆಟ್ಟ ಒಂದೇ ಸಲಕ್ಕೆ 7,134 ಮೀಟರಿನದಾಯಿತು. ಎತ್ತರ ಕಳೆದುಕೊಂಡದ್ದಕ್ಕೆ ಹೊತ್ತು ಕೊಟ್ಟು ಸಮಾಧಾನ ಮಾಡಿದರು ಎಂಬುದು ನನ್ನ ವಾದ. ದಾಖಲೆ ಕೇಳಬೇಡಿ. ಆ ದಿನಗಳ ಸರ್ಕಾರದಲ್ಲಿ ನಮ್ಮಮ್ಮನಂಥವರು ಯಾರೋ ಇದ್ದಿರಬೇಕು ಎಂಬ ಇನ್ನೊಂದು ವಾದವೂ ನನ್ನಲ್ಲಿದೆ.

ಇಷ್ಟೆಲ್ಲ ತಿಳಿದ ಮೇಲೂ ವಾಚು ತಿರುಗಿಸಲು ಮನಸ್ಸು ಬರಲಿಲ್ಲ. ಅಪ್ಪನ ವಾಚು, ಎರಡು ವಾರದ ಮಾತು, ಕೂಡಿಸಿಕೊಂಡರಾಯಿತು. ಹೇಗೂ ಅಲ್ಲಿ ಕೂಡಿಸುವುದು ಬೇಕಾದಷ್ಟಿತ್ತು: ಗೋಡೆಯ ಕ್ಯಾಲೆಂಡರಿನಲ್ಲಿ ಆಗಲೇ 2072. ನಾನು ಅವರಿಗಿಂತ ಐವತ್ತೇಳು ವರ್ಷ ಹದಿನೈದು ನಿಮಿಷ ಹಿಂದಿದ್ದೆ.

ಭಕ್ತಪುರದಲ್ಲಿ ನಮ್ಮ ಪಾಲಿಗೆ ಬಂದದ್ದು ಓಣಿಯ ಕೊನೆಯ ಒಂದು ಮನೆ, ಎಂದರೆ ಒಂದು ಗುಡ್ಡೆ. ಕೆಂಪಂಚಿನ ಕಪ್ಪು ಸೀರೆಯ ಅಜ್ಜಿ ಅದರ ಪಕ್ಕದಲ್ಲಿ ಕೂತು ಇಡೀ ಇಟ್ಟಿಗೆ ಒಂದು ಕಡೆ, ಅರ್ಧದ್ದು ಇನ್ನೊಂದು ಕಡೆ ವಿಂಗಡಿಸುತ್ತಿದ್ದಳು. ಸೊಂಟದಷ್ಟು ಅಗೆದಾಗ ಮಣ್ಣಿನೊಳಗೆ ಟಿಕ್ ಟಿಕ್ ಸದ್ದು. ಎಲ್ಲರೂ ಸನಿಕೆ ಇಳಿಸಿದೆವು. ಒಂದು ಪ್ಲಾಸ್ಟಿಕ್ ಗೋಡೆ ಗಡಿಯಾರ. ಗಾಜು ಹೋಗಿತ್ತು, ಸೆಕೆಂಡಿನ ಮುಳ್ಳು ಸೊಟ್ಟಗಾಗಿ ಆರರ ಹತ್ತಿರ ಒಮ್ಮೆ ತಡವರಿಸಿ ಮುಂದೆ ಹೋಗುತ್ತಿತ್ತು. ಒಂದು ತಿಂಗಳಿಂದ ಅಲ್ಲಿ ಅದು ಒಂಟಿಯಾಗಿ ಓಡುತ್ತಿತ್ತು.

ಅಜ್ಜಿ ಸೆರಗಿನಿಂದ ಒರೆಸಿ, ತಾಡಪಾಲಿನ ಬಿದಿರುಗಳಕ್ಕೆ ಅದನ್ನು ತೂಗುಹಾಕಿದಳು. ನಾನು ನನ್ನ ವಾಚು ನೋಡಿ ಹದಿನೈದು ಕೂಡಿಸಿದೆ. ಆದರೂ ತಾಳೆಯಾಗಲಿಲ್ಲ, ಐದು ನಿಮಿಷ ಹೆಚ್ಚಿತ್ತು. ಸರಿಮಾಡೋಣ ಎಂದು ಕೈಚಾಚಿದೆ. ಅಜ್ಜಿ ಕೈಯ ಮೇಲೆ ಪಟ್ಟೆಂದು ಹೊಡೆದಳು. ಪಕ್ಕದ ಮನೆಯ ಹುಡುಗ ಹಿಂದಿಯಲ್ಲಿ ತಿಳಿಸಿದ: ಅದು ಮೊದಲಿನಿಂದಲೂ ಹಾಗೇ, ಮೊಮ್ಮಗನನ್ನು ಶಾಲೆಗೆ ಹೊರಡಿಸಲು.

ಭೂಮಿ ನಡುಗಿದ ಏಪ್ರಿಲ್ 25 ಶನಿವಾರವಾಗಿತ್ತು. ಶಾಲೆಗಳು ಖಾಲಿಯಿದ್ದವು. ನಮ್ಮ ಪತ್ರಿಕೆಗಳು ಬರೆದದ್ದು 11:41, ಅವರಿಗದು 11:56. ಮೊಮ್ಮಗ ಎಲ್ಲಿ ಎಂದು ಕೇಳುವ ಧೈರ್ಯವಾಗದೆ ನಿಂತಿದ್ದಾಗ, ತಾಡಪಾಲಿನ ಒಳಗಿಂದ ಅವನೇ ಕಣ್ಣುಜ್ಜಿಕೊಂಡು ಬಂದ. ಗಡಿಯಾರ ನೋಡಿ, ಬಾಯಲ್ಲಿ ಏನೋ ಗೊಣಗಿ ಐದು ಕಳೆದು, ಮತ್ತೆ ಒಳಗೆ ಹೋಗಿ ಮಲಗಿದ.

ಅವತ್ತು ಸಂಜೆ ಅಪ್ಪನ ವಾಚಿನ ಕೀಲಿ ಎಳೆದು ಮುಳ್ಳು ತಿರುಗಿಸಿದೆ. ಊರಿಗೆ ಬಂದ ಮೇಲೂ ಹಿಂದಕ್ಕೆ ತಿರುಗಿಸಲಿಲ್ಲ.

ಈಗ ಈ ರಿಪೇರಿಯವನು ಸರಿಮಾಡಿದ್ದಾನೆ. ಮೊನ್ನೆ ಭಾನುವಾರ ನೆಂಟರ ಮನೆಯ ಮದುವೆ, ಮುಹೂರ್ತ ಹತ್ತೂ ಇಪ್ಪತ್ತಕ್ಕೆ. ಅಮ್ಮ ಮುಂಚೆಯೇ ಹೋಗಿದ್ದಳು. ನಾನು ವಾಚು ನೋಡಿದೆ, ರೂಢಿಯಂತೆ ಹದಿನೈದು ಕಳೆದೆ, ಇನ್ನೂ ಹೊತ್ತಿದೆಯೆಂದು ಎರಡನೆಯ ಸಲ ಕಾಫಿ ಕುಡಿದೆ. ಛತ್ರಕ್ಕೆ ಕಾಲಿಟ್ಟಾಗ ಅಕ್ಷತೆಯೆಲ್ಲ ನೆಲದ ಮೇಲಿತ್ತು. ಮುಂದಿನ ಸಾಲಿನಲ್ಲಿ ಕೂತಿದ್ದ ಅಮ್ಮ ಹಿಂತಿರುಗಿ ನೋಡಿ, ತನ್ನ ಬರಿಯ ಮಣಿಕಟ್ಟನ್ನು ಬೆರಳಿನಿಂದ ಎರಡು ಸಲ ತಟ್ಟಿ ತೋರಿಸಿದಳು.