ಮುಪ್ಪಿಗೆ ಮದ್ದುಂಟೆ?

ಅರಬೈಲ್ ಘಟ್ಟವನ್ನಿಳಿಯುವ ಲಾರಿಗಳ ಸದ್ದು ಕೇಳಿಸುವಷ್ಟು ಸಮೀಪದ ತೋಟದ ಮನೆಯೊಂದರಲ್ಲಿ 74 ವರ್ಷದ ಶ್ರಾವಕರೊಬ್ಬರು ವಾಸವಾಗಿದ್ದಾರೆ. ಮನೆಯಿಂದ ಅಡಿಕೆ ತೋಟಕ್ಕೆ ಇಳಿಯುವುದು ಅವರಿಗೆ ಸುಲಭ. ಮರಳಿ ಏರುವುದೇ ಕಷ್ಟ. ದಿವಂಗತ ಪತ್ನಿ ನೆಟ್ಟ ಸಸಿಗಳನ್ನು ಕಣ್ಣಾರೆ ಕಾಣದೆ ಎರಡು ಮಳೆಗಾಲಗಳು ಸಂದಿದ್ದವು.

ಅಮೆರಿಕದಲ್ಲಿರುವ ಮಗ ಇದನ್ನು ತಿಳಿದು ಪರಿಚಿತರ ಕೈಯಲ್ಲಿ ಡಿ.ಎಚ್.ಇ.ಎ. ಎಂಬ ಹಾರ್ಮೋನಿನ ಸೀಸೆಯನ್ನು ಕಳುಹಿಸಿದನು. “ಅಪ್ಪಾ, ದಿನಕ್ಕೊಂದು ತೆಗೆದುಕೊಳ್ಳಿ. ಮುಪ್ಪು ಹಿಂದೆ ಸರಿಯುತ್ತದೆಯಂತೆ” ಎಂದನು. ಹಿರಿಯರಿಗೆ ಆಸೆ ಹುಟ್ಟಲಿಲ್ಲವೆಂದರೆ ಸುಳ್ಳಾದೀತು. ಆದರೂ ಅವರು ಸೀಸೆಯನ್ನು ತೆರೆಯದೆ, ಹುಬ್ಬಳ್ಳಿಯಲ್ಲಿ ವೈದ್ಯಶಿಕ್ಷಣ ಪಡೆಯುತ್ತಿರುವ ಮೊಮ್ಮಗಳು ಬರುವವರೆಗೆ ಕಾದರು.

ಮೊಮ್ಮಗಳು ವಿವರಿಸಿದಳು. ಈ ಹಾರ್ಮೋನು ಯೌವನದಲ್ಲಿ ಹೇರಳವಾಗಿದ್ದು ವಯಸ್ಸಾದಂತೆ ಕುಗ್ಗುವುದು ನಿಜ. ಆದರೆ ಕುಗ್ಗಿದ್ದನ್ನು ತುಂಬಿದ ಮಾತ್ರಕ್ಕೆ ಯೌವನ ಮರಳುವುದಿಲ್ಲ. ಅಮೆರಿಕದ ಮೇಯೊ ಕ್ಲಿನಿಕ್ಕಿನ ವೈದ್ಯರು ವೃದ್ಧರಿಗೆ ಎರಡು ವರ್ಷ ಇದನ್ನು ಕೊಟ್ಟು 2006ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಮೂಳೆಯ ಸಾಂದ್ರತೆಯಲ್ಲಿ ಅಲ್ಪ ವ್ಯತ್ಯಾಸ ಕಂಡಿತೇ ಹೊರತು ಬಲವಾಗಲಿ, ಜೀವನದ ಸೌಖ್ಯವಾಗಲಿ ಹೆಚ್ಚಲಿಲ್ಲ. ಬೆಳವಣಿಗೆಯ ಹಾರ್ಮೋನಿನ ಕಥೆಯೂ ಅಂಥದೇ. 1990ರಲ್ಲಿ ಡೇನಿಯಲ್ ರಡ್‌ಮನ್ ಎಂಬ ವೈದ್ಯರು 12 ಮಂದಿ ವೃದ್ಧರಿಗೆ ಆರು ತಿಂಗಳು ಅದರ ಚುಚ್ಚುಮದ್ದು ಕೊಟ್ಟಾಗ ಕೊಬ್ಬು ಕರಗಿ ಮಾಂಸಖಂಡ ಬೆಳೆಯಿತು. ಅಷ್ಟನ್ನೇ ಹಿಡಿದು ದೊಡ್ಡ ವ್ಯಾಪಾರ ಎದ್ದಿತು. ಅನೇಕ ಪ್ರಯೋಗಗಳನ್ನು ಒಟ್ಟಿಗೆ ಪರಿಶೀಲಿಸಿದ 2007ರ ವರದಿಯು ಊತ, ಕೀಲುನೋವು ಮೊದಲಾದ ಬಾಧೆಗಳನ್ನು ಎತ್ತಿ ತೋರಿಸಿ, ಮುಪ್ಪಿಗೆ ಇದು ಮದ್ದಲ್ಲವೆಂದಿತು. ಈ ಹಾರ್ಮೋನನ್ನು ನುಂಗಿದರಂತೂ ಅದು ಬೇಳೆಯ ಪ್ರೋಟೀನಿನಂತೆ ಹೊಟ್ಟೆಯಲ್ಲಿಯೇ ಜೀರ್ಣವಾಗಿಹೋಗುತ್ತದೆ.

“ಹಳದಿಯಾದ ಸೋಗೆಗೆ ಹಸಿರು ಬಣ್ಣ ಬಳಿದಂತೆ” ಎಂದರು ಅಜ್ಜ.

“ಹೌದು ಅಜ್ಜಾ. ಅಲ್ಲದೆ ಇಂಥ ಕ್ಯಾಪ್ಸೂಲುಗಳ ಹೊದಿಕೆಯ ಜಿಲಾಟಿನನ್ನು ಸಾಮಾನ್ಯವಾಗಿ ಪ್ರಾಣಿಗಳ ಎಲುಬು, ಚರ್ಮಗಳಿಂದ ತೆಗೆಯುತ್ತಾರೆ. ಥೈರಾಯ್ಡ್, ಇನ್ಸುಲಿನ್ ಕೊರತೆಗಳಿಗೆ ವೈದ್ಯರು ಕೊಡುವ ಹಾರ್ಮೋನಿನ ಮಾತು ಬೇರೆ. ಅದು ರೋಗಕ್ಕೆ ಔಷಧ, ನಿಲ್ಲಿಸಬಾರದು. ನಿಮ್ಮ ಏದುಸಿರನ್ನೂ ಬರಿಯ ಮುಪ್ಪೆಂದು ಬಿಡಬಾರದು.”

ಪರೀಕ್ಷೆಯಲ್ಲಿ ರಕ್ತಹೀನತೆ ಪತ್ತೆಯಾಯಿತು. ಅದಕ್ಕೆ ಚಿಕಿತ್ಸೆಯುಂಟು.

ಬನವಾಸಿಯನ್ನು ಕೊಂಡಾಡಿದ ಪಂಪನು 941ರಲ್ಲಿ ರಚಿಸಿದ ‘ಆದಿಪುರಾಣ’ದಲ್ಲಿ ನೀಲಾಂಜನೆ ನರ್ತಿಸುತ್ತಿರುವಾಗಲೇ ಆಯುಷ್ಯ ತೀರಿ ಮರೆಯಾಗುತ್ತಾಳೆ. ರಸಭಂಗವಾಗದಿರಲೆಂದು ಇಂದ್ರನು ಅವಳಂತೆಯೇ ಇರುವ ಇನ್ನೊಬ್ಬಳನ್ನು ಆ ಕ್ಷಣವೇ ನಿಲ್ಲಿಸುತ್ತಾನೆ. ಸಭೆಗೆ ಅದು ತಿಳಿಯದು, ವೃಷಭನಾಥನೊಬ್ಬನೇ ಅರಿಯುತ್ತಾನೆ. ಸೀಸೆಯಲ್ಲಿ ಬಂದ ಯೌವನವೂ ಇಂದ್ರನು ನಿಲ್ಲಿಸಿದ ಆ ಬದಲಿ ನರ್ತಕಿಯಂತೆ. ದೇಹವನ್ನು ಧರ್ಮಸಾಧನವೆಂದು ಪೋಷಿಸುವುದು ಬೇರೆ, ಸಂದುಹೋದ ಕಾಲವನ್ನು ಸಂದಿಲ್ಲವೆಂದು ನಟಿಸುವುದು ಬೇರೆ.

ಸೀಸೆ ಕಳುಹಿಸಿದ ಮಗನನ್ನು ಹಿರಿಯರು ಜರೆಯಲಿಲ್ಲ. ಅದರಲ್ಲಿದ್ದುದು ತಂದೆಯನ್ನು ಕಳೆದುಕೊಳ್ಳುವ ಭಯವೆಂದು ಅವರು ಬಲ್ಲರು. “ಮದ್ದು ಬೇಡ ಮಗನೇ, ಮುಂದಿನ ಕೊಯ್ಲಿಗೆ ನೀನೇ ಬಾ” ಎಂದರು.

ಚಿಕಿತ್ಸೆಯಾಗಿ ಕೆಲವು ತಿಂಗಳುಗಳ ಬಳಿಕ, ಕೋಲೂರಿ, ನಡುನಡುವೆ ಕುಳಿತು ದಣಿವಾರಿಸಿಕೊಂಡು ಅವರು ತೋಟಕ್ಕೆ ಇಳಿದರು, ಏರಿಯೂ ಬಂದರು. ಪತ್ನಿ ನೆಟ್ಟ ಸಸಿಗಳು ಅವರ ತಲೆಯನ್ನು ಮೀರಿ ಬೆಳೆದಿದ್ದವು.